ಎಲೆ ಬಾಡಿದ್ದಕ್ಕೆಲ್ಲ ನೀರೇ ಮದ್ದಲ್ಲ

ಮಾನ್ಯ ಸಂಪಾದಕರೇ,

ಕೃಷಿ ಪುಟಗಳ ಪ್ರಶ್ನೋತ್ತರ ಅಂಕಣಗಳಲ್ಲಿ ಒಂದು ಉತ್ತರ ವರ್ಷವಿಡೀ ತಪ್ಪದೆ ಬರುತ್ತದೆ: ‘ಎಲೆ ಬಾಡುತ್ತಿದ್ದರೆ ನೀರು ಹೆಚ್ಚು ಕೊಡಿ.’ ಚೈತ್ರ-ವೈಶಾಖದಲ್ಲಿ ಇದು ಬಹುಪಾಲು ಸರಿಯೇ. ಆದರೆ ಆಷಾಢದಲ್ಲಿ, ತೋಟದ ಬಸಿಗಾಲುವೆ ತುಂಬಿ ನಿಂತಿರುವಾಗ ಮೆಣಸಿನ ಬಳ್ಳಿ ಜೋತುಬಿದ್ದಿದೆ ಎಂದು ಕೇಳಿದವರಿಗೂ ಅದೇ ಉತ್ತರ ಸಿಕ್ಕರೆ ಬಳ್ಳಿ ಉಳಿಯುವುದಿಲ್ಲ. ಇದು ಸಾಲದೆಂಬಂತೆ, ‘ಎಲೆಯ ರಂಧ್ರ ಮುಚ್ಚಿ ನೀರು ಉಳಿಸುತ್ತದೆ’ ಎಂದು ಹೇಳಿ ಮಾರುವ ಬಾಟಲಿಗಳೂ ಬೇಸಿಗೆಯಲ್ಲಿ ಪೇಟೆಗೆ ಬರುತ್ತವೆ. ಎರಡರ ಹಿಂದೆಯೂ ಇರುವುದು ಒಂದೇ ತಪ್ಪು ತಿಳಿವಳಿಕೆ. ನೀರಿದ್ದರೆ ಎಲೆಯ ರಂಧ್ರ ತಾನಾಗಿ ತೆರೆದುಕೊಳ್ಳುತ್ತದೆ, ನೀರಿಲ್ಲದಿದ್ದರೆ ತಾನಾಗಿ ಮುಚ್ಚುತ್ತದೆ ಎಂದೇ ಹೆಚ್ಚಿನವರು ನಂಬಿದ್ದಾರೆ. ಗಿಡದ ಒಳಗೆ ನಡೆಯುವುದು ಬೇರೆ. ರಂಧ್ರ ಮುಚ್ಚುವುದು ಬಹುಮಟ್ಟಿಗೆ ರಾಸಾಯನಿಕ ಸಂದೇಶ ತಲುಪಿದಾಗ. ಆ ಸಂದೇಶ ನೀರಿನ ಬರದಿಂದಲೂ ಹುಟ್ಟುತ್ತದೆ. ನಿಂತ ನೀರು, ಉಪ್ಪು, ಕೊಳೆತ ಬೇರು ಇವುಗಳಿಂದಲೂ ಹುಟ್ಟುತ್ತದೆ. ಹಾಗಾಗಿ ಎಲೆ ನೋಡಿ ಮದ್ದು ಹೇಳುವ ಮೊದಲು ಬುಡದ ಮಣ್ಣು ನೋಡಬೇಕು ಎಂಬುದು ನಮ್ಮ ವಾದ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಮೊದಲು ರಂಧ್ರದ ಅಳತೆ. ಹೆಚ್ಚಿನ ಗಿಡಗಳಲ್ಲಿ ಎಲೆಯ ಒಂದು ಚದರ ಮಿಲಿಮೀಟರಿಗೆ 50ರಿಂದ 300 ಪತ್ರರಂಧ್ರಗಳಿರುತ್ತವೆ. ಒಂದೊಂದರ ಉದ್ದ ಸಾಮಾನ್ಯವಾಗಿ 10ರಿಂದ 40 ಮೈಕ್ರಾನ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಮಾವು, ಹಲಸು, ಕಾಳುಮೆಣಸಿನಲ್ಲಿ ಇವು ಎಲೆಯ ಕೆಳಮೈಯಲ್ಲಿರುತ್ತವೆ. ಭತ್ತದಲ್ಲಿ ಎರಡೂ ಮೈಯಲ್ಲಿ. ಕೆರೆಯ ತಾವರೆಯಲ್ಲಿ ಮೇಲ್ಮೈಯಲ್ಲಿ ಮಾತ್ರ. ಎಲ್ಲವೂ ಪೂರ್ತಿ ತೆರೆದಾಗಲೂ ಅವುಗಳ ಒಟ್ಟು ಜಾಗ ಎಲೆಯ ವಿಸ್ತೀರ್ಣದ ಶೇ 5ನ್ನು ದಾಟುವುದು ಅಪರೂಪ. ಆದರೆ ಎಲೆಯಿಂದ ಆವಿಯಾಗಿ ಹೋಗುವ ನೀರಿನಲ್ಲಿ ಶೇ 90ಕ್ಕಿಂತ ಹೆಚ್ಚು ಪಾಲು ಹೋಗುವುದು ಇದೇ ದಾರಿಯಲ್ಲಿ. ಆಹಾರ ತಯಾರಿಸಲು ಬೇಕಾದ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಇದರಲ್ಲೇ. ಭತ್ತದಂಥ ಗಿಡ ಒಂದು ಅಣು ಇಂಗಾಲದ ಡೈಆಕ್ಸೈಡ್ ಹಿಡಿಯುವಷ್ಟರಲ್ಲಿ 400ರ ಆಸುಪಾಸು ನೀರಿನ ಅಣುಗಳನ್ನು ಕಳೆದುಕೊಳ್ಳುತ್ತದೆ. ನೀರು ಉಳಿಸಲು ರಂಧ್ರ ಮುಚ್ಚಿದ ಗಿಡ ಊಟ ಬಿಟ್ಟಂತೆಯೇ. ಬಾಟಲಿ ಮಾರುವವರು ಈ ಅರ್ಧವನ್ನು ಹೇಳುವುದಿಲ್ಲ.

ಪ್ರತಿ ರಂಧ್ರದ ಎರಡು ಬದಿಗೂ ಒಂದೊಂದು ಕಾವಲು ಕೋಶ. ಇವುಗಳ ಒಳಬದಿಯ ಗೋಡೆ ದಪ್ಪ, ಹೊರಬದಿಯದು ತೆಳು. ಗೋಡೆಯ ನಾರುಗಳು ಕೋಶದ ಸುತ್ತ ಅಡ್ಡಲಾಗಿ ಸುತ್ತಿಕೊಂಡಿರುವುದರಿಂದ ಕೋಶ ಉಬ್ಬಿದಾಗ ದಪ್ಪವಾಗಲು ಆಗದೆ ಉದ್ದವಾಗುತ್ತದೆ. ಒಂದು ಬದಿಗೆ ಉದ್ದಕ್ಕೂ ತೇಪೆ ಹಚ್ಚಿದ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದರೆ ಬಾಗುತ್ತದಲ್ಲ, ಹಾಗೆ ಎರಡೂ ಕೋಶಗಳು ಹೊರಕ್ಕೆ ಬಾಗಿ ನಡುವೆ ಬಾಯಿ ತೆರೆಯುತ್ತದೆ. ಭತ್ತ, ಜೋಳದಂಥ ಹುಲ್ಲು ಜಾತಿಯಲ್ಲಿ ಕೋಶದ ಆಕಾರ ಬೇರೆ, ಎರಡು ತುದಿ ಉಬ್ಬಿದ ಡಂಬೆಲ್ಲಿನದು. ಅವು ತೆರೆಯುವುದೂ ಮುಚ್ಚುವುದೂ ಬೇಗ.

ಉಬ್ಬುವುದು ಹೇಗೆ? ಹಳೆಯ ಪಠ್ಯಗಳಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ, ಸಕ್ಕರೆ ನೀರೆಳೆಯುತ್ತದೆ ಎಂದಿತ್ತು. 1960ರ ದಶಕದ ಕೊನೆಯ ಹೊತ್ತಿಗೆ ಮುಖ್ಯ ಪಾತ್ರಧಾರಿ ಪೊಟ್ಯಾಸಿಯಂ ಎಂಬುದು ಸ್ಪಷ್ಟವಾಯಿತು. ಬೆಳಗಿನ ಬೆಳಕಿನಲ್ಲಿರುವ ನೀಲಿ ಭಾಗವನ್ನು ಕಾವಲು ಕೋಶದ ಫೋಟೋಟ್ರೋಪಿನ್ ಎಂಬ ಪ್ರೋಟೀನು ಗ್ರಹಿಸುತ್ತದೆ. ಕೂಡಲೇ ಕೋಶಪೊರೆಯಲ್ಲಿನ ಪ್ರೋಟಾನ್ ಪಂಪು ಚಾಲೂ ಆಗಿ ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುತ್ತದೆ. ಒಳಗಡೆ ಋಣ ವಿದ್ಯುತ್ ಹೆಚ್ಚುತ್ತದೆ. ಆ ಸೆಳೆತಕ್ಕೆ ಪೊಟ್ಯಾಸಿಯಂ ತನ್ನದೇ ಕಾಲುವೆಗಳ ಮೂಲಕ ಒಳಗೆ ಬರುತ್ತದೆ, ಕ್ಲೋರೈಡ್ ಮತ್ತು ಮ್ಯಾಲೇಟ್ ಎಂಬ ಋಣ ಅಯಾನುಗಳು ಅದಕ್ಕೆ ಜೊತೆಯಾಗುತ್ತವೆ. ಮುಚ್ಚಿದಾಗ ಲೀಟರಿಗೆ 100 ಮಿಲಿಮೋಲ್‌ನಷ್ಟಿದ್ದ ಪೊಟ್ಯಾಸಿಯಂ ತೆರೆದಾಗ 400ರಿಂದ 800ಕ್ಕೆ ಏರುತ್ತದೆ. ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಉಬ್ಬುತ್ತದೆ. ಪಿಷ್ಟದ ಕತೆ ಪೂರ್ತಿ ಸುಳ್ಳೂ ಅಲ್ಲ. ಬೆಳಗಿನ ಹೊತ್ತು ಕಾವಲು ಕೋಶದ ಪಿಷ್ಟ ಕರಗಿ ಈ ಕೆಲಸಕ್ಕೆ ನೆರವಾಗುತ್ತದೆ ಎಂದು ಈಚಿನ ಪ್ರಯೋಗಗಳು ತೋರಿಸಿವೆ.

ಅಡಿಕೆಗೆ ಪೊಟ್ಯಾಷ್ ಹಾಕಿ ಎಂದು ಹೇಳುವುದರ ಒಂದು ಕಾರಣ ಇಲ್ಲಿದೆ. ಫಲ ಕೊಡುವ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. 140 ಗ್ರಾಂ ಪೊಟ್ಯಾಷ್ ಎಂದರೆ ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಷ್ 140 ಗ್ರಾಂ ಅಲ್ಲ, ಸುಮಾರು 233 ಗ್ರಾಂ; ಚೀಲದಲ್ಲಿರುವುದು ಶೇ 60 ಮಾತ್ರ. ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಪೊಟ್ಯಾಸಿಯಂ ಹಿಡಿದಿಡುವ ಶಕ್ತಿ ಕಡಿಮೆ, ಮಳೆ ಜಾಸ್ತಿ. ಒಂದೇ ಕಂತಿನಲ್ಲಿ ಸುರಿದರೆ ಬಹುಪಾಲು ಹಳ್ಳ ಸೇರುತ್ತದೆ. ಕೊರತೆಯಾದ ಗಿಡದಲ್ಲಿ ರಂಧ್ರ ತೆರೆಯುವುದೂ ನಿಧಾನ, ಬೇಕಾದಾಗ ಮುಚ್ಚುವುದೂ ನಿಧಾನ. ಬೇಸಿಗೆಯ ಮಧ್ಯಾಹ್ನ ಈ ನಿಧಾನಕ್ಕೆ ಗಿಡ ಬೆಲೆ ತೆರುತ್ತದೆ.

ಇನ್ನು ಮುಚ್ಚುವ ಸಂದೇಶ. ಅದರ ಹೆಸರು ಅಬ್ಸಿಸಿಕ್ ಆಮ್ಲ, ಗಿಡವೇ ತಯಾರಿಸಿಕೊಳ್ಳುವ ಒಂದು ಹಾರ್ಮೋನು. 1960ರ ದಶಕದ ಆರಂಭದಲ್ಲಿ ಹತ್ತಿಯ ಎಳೆಗಾಯಿಗಳಿಂದ ಇದನ್ನು ಬೇರ್ಪಡಿಸಿದರು. ಅದೇ ಕಾಲಕ್ಕೆ ಮರಗಳ ಮೊಗ್ಗಿನ ಸುಪ್ತಾವಸ್ಥೆಯನ್ನು ಅಭ್ಯಸಿಸುತ್ತಿದ್ದ ಬ್ರಿಟನ್ನಿನ ತಂಡವೂ ಇದೇ ವಸ್ತುವಿಗೆ ಬಂದು ಮುಟ್ಟಿತ್ತು. ಬಾಡಿದ ಗೋಧಿಯ ಎಲೆಯಲ್ಲಿ ಇದರ ಪ್ರಮಾಣ 40 ಪಟ್ಟಿನವರೆಗೆ ಏರುತ್ತದೆ ಎಂದು 1969ರಲ್ಲಿ ತಿಳಿಯಿತು. ಆಮೇಲೆ ಕೈಗೆ ಸಿಕ್ಕ ಗಟ್ಟಿ ಸಾಕ್ಷ್ಯ ಟೊಮೆಟೊದ ‘ಫ್ಲಾಕಾ’ ಎಂಬ ವಿಕೃತ ತಳಿ. ಇದಕ್ಕೆ ಅಬ್ಸಿಸಿಕ್ ಆಮ್ಲವನ್ನು ಸಾಕಷ್ಟು ತಯಾರಿಸಲು ಬರುವುದಿಲ್ಲ. ಮಣ್ಣು ಒದ್ದೆಯಿದ್ದರೂ ಇದರ ರಂಧ್ರಗಳು ತೆರೆದೇ ಇರುತ್ತವೆ, ಬಿಸಿಲೇರಿದೊಡನೆ ಗಿಡ ಬಾಡುತ್ತದೆ. ಹೊರಗಿನಿಂದ ಆಮ್ಲ ಸಿಂಪಡಿಸಿದರೆ ಸರಿಹೋಗುತ್ತದೆ. ನೀರಿನ ಕೊರತೆಯೇ ನೇರವಾಗಿ ರಂಧ್ರ ಮುಚ್ಚಿಸುವುದಾಗಿದ್ದರೆ ಫ್ಲಾಕಾ ಬಾಡುವ ಮೊದಲೇ ಮುಚ್ಚಿಕೊಳ್ಳಬೇಕಿತ್ತು.

ಸಂದೇಶ ತಲುಪಿದ ಮೇಲೆ ಏನಾಗುತ್ತದೆ ಎಂಬುದು ನಾಲ್ಕು ದಶಕ ಕಾಡಿದ ಪ್ರಶ್ನೆ. 2009ರಲ್ಲಿ ಅಮೆರಿಕದ ಶಾನ್ ಕಟ್ಲರ್ ಮತ್ತು ಜರ್ಮನಿಯ ಅರ್ವಿನ್ ಗ್ರಿಲ್ ಅವರ ತಂಡಗಳು ಬೇರೆ ಬೇರೆಯಾಗಿ ಇದರ ಗ್ರಾಹಕ ಪ್ರೋಟೀನುಗಳನ್ನು ಗುರುತಿಸಿದವು. ಸಂಶೋಧಕರ ಮೆಚ್ಚಿನ ಕಳೆಗಿಡ ಅರಬಿಡಾಪ್ಸಿಸ್‌ನಲ್ಲಿ ಇಂಥವು 14 ಇವೆ. ಗ್ರಾಹಕದ ಪೊಟರೆಯಲ್ಲಿ ಅಬ್ಸಿಸಿಕ್ ಆಮ್ಲದ ಅಣು ಕೂತೊಡನೆ ಮೇಲಿನ ಮುಚ್ಚಳ ಮಡಚಿಕೊಳ್ಳುತ್ತದೆ. ಆ ಮುಚ್ಚಳ ಹೋಗಿ ಫಾಸ್ಫಟೇಸ್ ಎಂಬ ಕಿಣ್ವದ ಬಾಯಿ ಕಟ್ಟುತ್ತದೆ. ಈ ಕಿಣ್ವದ ನಿತ್ಯದ ಕೆಲಸವೆಂದರೆ ಓಎಸ್‌ಟಿ-1 ಎಂಬ ಇನ್ನೊಂದು ಕಿಣ್ವವನ್ನು ತಡೆದು ಕೂರಿಸುವುದು. ತಡೆ ತಪ್ಪಿದ ಓಎಸ್‌ಟಿ-1 ಎದ್ದು ಕೋಶಪೊರೆಯ ಸ್ಲ್ಯಾಕ್-1 ಕಾಲುವೆಯನ್ನು ತೆರೆಸುತ್ತದೆ. ಕ್ಲೋರೈಡ್, ನೈಟ್ರೇಟ್, ಮ್ಯಾಲೇಟ್ ಹೊರಗೆ ಹರಿಯುತ್ತವೆ, ಪೊರೆಯ ವಿದ್ಯುತ್ ಕುಸಿಯುತ್ತದೆ, ಪೊಟ್ಯಾಸಿಯಂ ಬೇರೆ ಕಾಲುವೆಯಿಂದ ಹೊರಬೀಳುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. ಕೋಶ ಸೊರಗಿ ಬಾಯಿ ಮುಚ್ಚುತ್ತದೆ. ಇಷ್ಟಕ್ಕೆಲ್ಲ ಹಿಡಿಯುವುದು ಕೆಲವು ನಿಮಿಷ.

ಈ ದಾರಿಯಲ್ಲಿ ಇನ್ನೂ ಮೂವರಿದ್ದಾರೆ: ಕ್ಯಾಲ್ಸಿಯಂ, ಹೈಡ್ರೋಜನ್ ಪೆರಾಕ್ಸೈಡ್, ನೈಟ್ರಿಕ್ ಆಕ್ಸೈಡ್. ಕೋಶರಸದಲ್ಲಿ ಕ್ಯಾಲ್ಸಿಯಂ ಅಲೆಅಲೆಯಾಗಿ ಏರಿಳಿಯುತ್ತದೆ, ಪೆರಾಕ್ಸೈಡ್ ಆ ಅಲೆಯನ್ನು ಹೆಚ್ಚಿಸುತ್ತದೆ, ಅದೇ ಹೊತ್ತಿಗೆ ತೆರೆಯುವ ಪಂಪು ಮತ್ತು ಪೊಟ್ಯಾಸಿಯಂ ಒಳದಾರಿಗಳು ಬಂದಾಗುತ್ತವೆ. ಇದರಿಂದಲೇ ಮುಚ್ಚುವ ಆಜ್ಞೆ ಬೆಳಕಿನ ಆಜ್ಞೆಗಿಂತ ಮೇಲುಗೈಯಾಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲೂ ರಂಧ್ರ ಮುಚ್ಚಬಲ್ಲದು.

ಸಂದೇಶ ಹುಟ್ಟುವುದು ಎಲ್ಲಿ ಎಂಬಲ್ಲಿ ಪಂಡಿತರಲ್ಲೇ ಜಗಳವಿತ್ತು. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ಪ್ರಯೋಗದಲ್ಲಿ ಒಂದೇ ಗಿಡದ ಬೇರನ್ನು ಎರಡು ಕುಂಡಗಳಿಗೆ ಹಂಚಿ, ಒಂದಕ್ಕೆ ನೀರು ಕೊಟ್ಟು ಇನ್ನೊಂದನ್ನು ಒಣಗಿಸಿದರು. ಎಲೆಗೆ ನೀರಿನ ಕೊರತೆ ಆಗಲೇ ಇಲ್ಲ, ಆದರೂ ರಂಧ್ರಗಳು ಅರೆಮುಚ್ಚಿದವು. ಸೇಬಿನ ಗಿಡದಲ್ಲಿ ಒಣಗಿದ ಬದಿಯ ಬೇರು ಕತ್ತರಿಸಿ ಹಾಕಿದಾಗ, ನೀರು ಒಂದು ಹನಿ ಹೆಚ್ಚು ಕೊಡದಿದ್ದರೂ, ಎಲೆಯ ಬೆಳವಣಿಗೆ ಚೇತರಿಸಿತು. ಇದರಿಂದ ಒಣಬೇರೇ ಸುದ್ದಿ ಕಳಿಸುತ್ತದೆ ಎಂಬುದು ನೆಲೆನಿಂತಿತು. ಮುಂದೆ ಫ್ಲಾಕಾ ಟೊಮೆಟೊದ ಬೇರಿಗೆ ಸಾಮಾನ್ಯ ಟೊಮೆಟೊದ ಕುಡಿ ಕಸಿ ಮಾಡಿ ನೋಡಿದಾಗ ಬೇರಿಗೆ ಆಮ್ಲ ತಯಾರಿಸುವ ಶಕ್ತಿ ಇಲ್ಲದಿದ್ದರೂ ಮಣ್ಣು ಒಣಗಿದಂತೆ ರಂಧ್ರ ಮುಚ್ಚಿತು. ಅಂದರೆ ಆಮ್ಲವನ್ನು ಎಲೆಯೇ ತಯಾರಿಸಿಕೊಳ್ಳಬಲ್ಲದು. 2018ರಲ್ಲಿ ಜಪಾನಿನ ಸಂಶೋಧಕರು ಅರಬಿಡಾಪ್ಸಿಸ್‌ನಲ್ಲಿ ಬೇರಿನಿಂದ ಎಲೆಗೆ ಹೋಗುವ ಸಿಎಲ್‌ಇ-25 ಎಂಬ ಪುಟ್ಟ ಪೆಪ್ಟೈಡನ್ನು ತೋರಿಸಿದರು. ಎಲೆಗೆ ತಲುಪಿ ಅಲ್ಲಿ ಅಬ್ಸಿಸಿಕ್ ಆಮ್ಲದ ತಯಾರಿಕೆ ಶುರು ಮಾಡಿಸುವುದು ಅದರ ಕೆಲಸ. ಬೇರು ಸುದ್ದಿ ಮುಟ್ಟಿಸುತ್ತದೆ, ಎಲೆ ಆಮ್ಲ ತಯಾರಿಸುತ್ತದೆ, ಎರಡೂ ಕಡೆಯವರು ಅರ್ಧರ್ಧ ಸರಿ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಸೂಕ್ಷ್ಮ. ಬಲಿತ ಕಾವಲು ಕೋಶಕ್ಕೆ ಅಕ್ಕಪಕ್ಕದ ಕೋಶಗಳ ಜೊತೆ ಒಳದಾರಿಯ ಸಂಪರ್ಕ ಇರುವುದಿಲ್ಲ. ಸುದ್ದಿ ಬರಬೇಕಾದ್ದು ಗೋಡೆಗಳ ನಡುವಿನ ರಸದ ಮೂಲಕವೇ. ನೀರು ಸಾಕಷ್ಟಿದ್ದಾಗ ಆ ರಸ ಕೊಂಚ ಹುಳಿ, ಪಿಎಚ್ 6.3ರ ಹತ್ತಿರ. ಆಗ ಅಬ್ಸಿಸಿಕ್ ಆಮ್ಲದ ಹೆಚ್ಚಿನ ಪಾಲನ್ನು ದಾರಿಯಲ್ಲಿರುವ ಎಲೆಯ ಇತರ ಕೋಶಗಳೇ ಹೀರಿಬಿಡುತ್ತವೆ. ಬರ ಬಿದ್ದಾಗ ಪಿಎಚ್ 7.2ರತ್ತ ಏರುತ್ತದೆ, ಆಮ್ಲ ಅಯಾನು ರೂಪಕ್ಕೆ ತಿರುಗಿ ಪೊರೆ ದಾಟಲಾರದೆ ಕಾವಲು ಕೋಶದವರೆಗೆ ಉಳಿದು ಬರುತ್ತದೆ. ಆಮ್ಲದ ಪ್ರಮಾಣ ಹೆಚ್ಚದೆಯೂ ರಂಧ್ರ ಮುಚ್ಚಬಹುದು ಎಂದಾಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ಹೆಚ್ಚಾಗಿ ಇರುವುದು ಕಣಿವೆಯ ತಗ್ಗಿನಲ್ಲಿ. ಮಳೆಗಾಲದಲ್ಲಿ ಬಸಿಗಾಲುವೆ ಹೂಳು ತುಂಬಿಕೊಂಡರೆ ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರು ನಿಲ್ಲುತ್ತದೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿದ್ದುದರ ಹತ್ತು ಸಾವಿರದಲ್ಲೊಂದು ಪಾಲು. ಬೆಚ್ಚಗಿನ ಮಣ್ಣಿನಲ್ಲಿ ಇದ್ದ ಆಮ್ಲಜನಕ ಒಂದೆರಡು ದಿನದಲ್ಲಿ ಮುಗಿಯುತ್ತದೆ. ಉಸಿರುಗಟ್ಟಿದ ಬೇರಿನ ಕೋಶರಸ ಹುಳಿಯಾಗಿ, ನೀರು ಒಳಬಿಡುವ ಆಕ್ವಾಪೋರಿನ್ ದ್ವಾರಗಳು ಮುಚ್ಚಿಹೋಗುತ್ತವೆ. ಸುತ್ತ ನೀರಿದ್ದೂ ಬೇರಿಗೆ ಕುಡಿಯಲಾಗದು. ಎಲೆಯಲ್ಲಿ ರಂಧ್ರ ಮುಚ್ಚುತ್ತದೆ. ಬಟಾಣಿಯಲ್ಲಿ ನಡೆದ ಪ್ರಯೋಗಗಳಲ್ಲಿ ನೀರು ನಿಂತಾಗ ಎಲೆಯ ಅಬ್ಸಿಸಿಕ್ ಆಮ್ಲ ಏರಿದ್ದು ಕಂಡಿದೆ. ಟೊಮೆಟೊದಲ್ಲಿ ಇನ್ನೊಂದು ಸುದ್ದಿಯೂ ಹೋಗುತ್ತದೆ: ಎಥಿಲೀನ್ ಎಂಬ ಅನಿಲರೂಪದ ಸಸ್ಯ ಹಾರ್ಮೋನಿನ ಪೂರ್ವರೂಪವಾದ ಎಸಿಸಿ ಬೇರಿನಿಂದ ಮೇಲೇರಿ, ಎಲೆಯಲ್ಲಿ ಎಥಿಲೀನ್ ಆಗಿ, ಎಲೆದೇಟು ಕೆಳಕ್ಕೆ ಬಾಗುತ್ತದೆ. ನೋಡಿದವರಿಗೆ ಬಾಡಿದಂತೆಯೇ ತೋರುತ್ತದೆ. ಆದರೆ ಎಲೆ ಮುಟ್ಟಿ ನೋಡಿದರೆ ಗಟ್ಟಿಯಾಗಿಯೇ ಇರುತ್ತದೆ, ಬಾಡಿದ ಎಲೆಯಂತೆ ಮೆತ್ತಗಲ್ಲ. ಈ ಗುರುತನ್ನು ತೋಟದಲ್ಲೂ ಬಳಸಬಹುದು.

ಕಾಳುಮೆಣಸಿನ ಶೀಘ್ರ ಸೊರಗು ರೋಗದಲ್ಲಿ ಶಿಲೀಂಧ್ರವನ್ನು ಹೋಲುವ ಫೈಟಾಪ್ತರಾ ಎಂಬ ಸೂಕ್ಷ್ಮಜೀವಿ ಬೇರು ಮತ್ತು ಬುಡವನ್ನು ಕೊಳೆಸುತ್ತದೆ. ಎಲೆಗೆ ನೀರು ತಲುಪುವ ಕೊಳವೆಯೇ ಹಾಳಾಗಿರುತ್ತದೆ. ಇಲ್ಲಿ ನೀರು ಹೆಚ್ಚು ಬಿಡುವುದೆಂದರೆ ಈಜಬಲ್ಲ ಅದರ ಬೀಜಕಣಗಳನ್ನು ಪಕ್ಕದ ಬಳ್ಳಿಗೆ ಸಾಗಿಸಿಕೊಟ್ಟಂತೆ. ಮಾಡಬೇಕಾದ್ದು ಬುಡದಲ್ಲಿ ನೀರು ನಿಲ್ಲದಂತೆ ಬಿಡಿಸುವುದು, ಮುಂಗಾರು ಕಾಲೂರುವ ಮೊದಲೇ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು, ಬುಡಕ್ಕೆ ಶೇ 0.2ರ ತಾಮ್ರದ ಆಕ್ಸಿಕ್ಲೋರೈಡ್ ದ್ರಾವಣವನ್ನು ಬಳ್ಳಿಗೆ 5ರಿಂದ 10 ಲೀಟರ್ ಉಣಿಸುವುದು. ಶೇ 1ರ ಬೋರ್ಡೋ ಎಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕುವವರು ಅದನ್ನು ತಾಮ್ರದ ಜೊತೆ ಬೆರೆಸಬಾರದು. ತಾಮ್ರ ಒಳ್ಳೆಯ ಶಿಲೀಂಧ್ರವನ್ನೂ ಬಿಡುವುದಿಲ್ಲ.

ಘಟ್ಟದ ಕೆಳಗೆ ಸಮಸ್ಯೆ ಉಪ್ಪಿನದು. ಬೇಸಿಗೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳಲ್ಲಿ ಸಮುದ್ರದ ನೀರು ಮೇಲೇರುತ್ತದೆ, ದಡದ ಬಾವಿಗಳು ಸವಳಾಗುತ್ತವೆ. ಉಪ್ಪುನೀರಿನಲ್ಲಿ ಬೇರು ಮುಳುಗಿದ್ದರೂ ಗಿಡಕ್ಕೆ ಅದು ಬರವೇ. ಅದೇ ಅಬ್ಸಿಸಿಕ್ ಆಮ್ಲ ಏರಿ ಅದೇ ರಂಧ್ರ ಮುಚ್ಚುತ್ತದೆ. ಆಮೇಲೆ ಸೋಡಿಯಂ ಎಲೆಯಲ್ಲಿ ಸೇರಿ ಅಂಚು ಸುಡುತ್ತದೆ. ಅದೇ ಬಾವಿಯ ನೀರನ್ನು ಇನ್ನಷ್ಟು ಕೊಟ್ಟರೆ ಇನ್ನಷ್ಟು ಉಪ್ಪು ಕೊಟ್ಟಂತಾಯಿತು. ನೀರಾವರಿ ನೀರಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಂತೆ ಇದು ಏರುತ್ತದೆ) ಮೀಟರಿಗೆ 0.7 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆಯಿಲ್ಲ, 3 ದಾಟಿದರೆ ಹೆಚ್ಚಿನ ಬೆಳೆಗಳಿಗೆ ಬಳಸದಿರುವುದು ಲೇಸು. ಭತ್ತದ ಇಳುವರಿ ಕುಸಿಯತೊಡಗುವುದೂ ಮಣ್ಣಿನ ರಸದ ವಾಹಕತೆ 3ರ ಸುತ್ತ ತಲುಪಿದಾಗಲೇ. ಕುಮಟಾ ಕಡೆಯ ಗಜನಿ (ಅಳಿವೆಯಂಚಿನ, ಉಪ್ಪುನೀರು ನುಗ್ಗುವ) ಗದ್ದೆಗಳ ಕಗ್ಗ ಭತ್ತ ಇದಕ್ಕೆ ಅಪವಾದ. ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ಬಂದ ತಳಿ ಅದು. ಅದು ಕಣ್ಮರೆಯಾಗುತ್ತಿರುವ ಬಗ್ಗೆ ಬರೆಯಲು ಇನ್ನೊಂದು ಪತ್ರವೇ ಬೇಕು.

ನಿಜವಾದ ನೀರಿನ ಕೊರತೆಯಲ್ಲೂ ಗಾಳಿಯ ಪಾತ್ರ ಮರೆಯಬಾರದು. ಕಾರವಾರದಲ್ಲಿ ಮಧ್ಯಾಹ್ನ 32 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 65 ಇದೆ ಎನ್ನಿ. ಗಾಳಿ ಇನ್ನೂ ಹೀರಬಲ್ಲ ಆವಿಯ ಒತ್ತಡ ಸುಮಾರು 1.7 ಕಿಲೋಪಾಸ್ಕಲ್. ಅದೇ ಹೊತ್ತಿಗೆ ಹಳಿಯಾಳ, ಮುಂಡಗೋಡ ಕಡೆ 37 ಡಿಗ್ರಿ, ತೇವಾಂಶ ಶೇ 25 ಇದ್ದರೆ ಇದು 4.7. ರಂಧ್ರ ಒಂದೇ ಅಳತೆ ತೆರೆದಿದ್ದರೂ ಎಲೆ ಕಳೆದುಕೊಳ್ಳುವ ನೀರು ಹೆಚ್ಚುಕಡಿಮೆ ಮೂರು ಪಟ್ಟು. ಹೂಬಿಡುವ ಗಿಡಗಳು ಒಣಗಾಳಿ ತಾಗಿದ ಅರ್ಧ ಗಂಟೆಯೊಳಗೆ ಎಲೆಯಲ್ಲೇ ಅಬ್ಸಿಸಿಕ್ ಆಮ್ಲ ತಯಾರಿಸಿ ರಂಧ್ರ ಕಿರಿದು ಮಾಡಿಕೊಳ್ಳುತ್ತವೆ. ಹಾಗಾಗಿ ಮಧ್ಯಾಹ್ನ ಎರಡು ಗಂಟೆಗೆ ಬಳ್ಳಿ ಸೋತಂತೆ ಕಂಡು, ಸಂಜೆಗೆ ಚೇತರಿಸಿದರೆ ಪಂಪು ಹಾಕಲು ಓಡಬೇಕಿಲ್ಲ. ಬೆಳಗಿನ ಆರು ಗಂಟೆಗೂ ಬಾಡಿಯೇ ಇದ್ದರೆ ಅದು ಬೇರಿನ ಅಥವಾ ಬುಡದ ಮಣ್ಣಿನ ಸಮಸ್ಯೆ. ಕೃಷಿ ಪುಟದ ಉತ್ತರಗಳಲ್ಲಿ ಈ ಒಂದು ವ್ಯತ್ಯಾಸ ಹೇಳಿದರೆ ಎಷ್ಟೋ ಬಾವಿ ಉಳಿದೀತು.

ಅಡಿಕೆಗೆ ಬೇಸಿಗೆಯಲ್ಲಿ ಹನಿ ನೀರಾವರಿಯಾದರೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್, ಬುಡಕ್ಕೆ ಬಿಡುವುದಾದರೆ ನಾಲ್ಕೈದು ದಿನಕ್ಕೊಮ್ಮೆ 175 ಲೀಟರ್ ಸಾಕು. ಬುಡಕ್ಕೆ ಸೊಪ್ಪು, ತರಗೆಲೆಯ ಹೊದಿಕೆ ಇದ್ದರೆ ಮಣ್ಣಿನಿಂದ ನೇರವಾಗಿ ಆರುವ ನೀರು ಉಳಿಯುತ್ತದೆ. ತುಂಬ ಒಣಗಿಸಿ ಆಮೇಲೆ ಧಾರಾಳ ನೀರು ಕೊಡುವ ರೂಢಿಯಲ್ಲಿ ಒಂದು ನಷ್ಟವಿದೆ. ನೀರು ಸಿಕ್ಕೊಡನೆ ಎಲೆ ನೆಟ್ಟಗಾಗುತ್ತದೆ, ಆದರೆ ಒಳಗೆ ತುಂಬಿಕೊಂಡ ಅಬ್ಸಿಸಿಕ್ ಆಮ್ಲ ಫೇಸಿಕ್ ಆಮ್ಲವಾಗಿ ಮುರಿದು ಹೋಗಲು ಹೊತ್ತು ಬೇಕು. ರಂಧ್ರಗಳು ಮೊದಲಿನಷ್ಟು ತೆರೆಯಲು ಒಂದೆರಡು ದಿನ, ಕೆಲವೊಮ್ಮೆ ಹೆಚ್ಚೂ ಹಿಡಿಯುತ್ತದೆ. ನೋಡಲು ಹಸಿರಾಗಿ ನಿಂತ ಗಿಡ ಅಷ್ಟು ದಿನ ಅರೆಹೊಟ್ಟೆಯಲ್ಲಿರುತ್ತದೆ.

ಬಾಟಲಿಗಳ ಮಾತು. ಅಬ್ಸಿಸಿಕ್ ಆಮ್ಲವನ್ನು ಶಿಲೀಂಧ್ರಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ, ವಿದೇಶಗಳಲ್ಲಿ ದ್ರಾಕ್ಷಿಗೆ ಬಣ್ಣ ಬರಿಸಲು ಬಳಸುವುದೂ ಇದೆ. ಪ್ರಯೋಗಾಲಯದಲ್ಲಿ ಎಲೆಯ ಸುಲಿದ ಸಿಪ್ಪೆಯಲ್ಲಿ ರಂಧ್ರ ಮುಚ್ಚಿಸಲು ಲೀಟರಿಗೆ 2.6 ಮಿಲಿಗ್ರಾಂ ಸಾಕು. ಇಡೀ ಎಲೆಗಾದರೆ ಮೇಲಿನ ಮೇಣದ ಪದರ ದಾಟಬೇಕು, ಹತ್ತಾರು ಪಟ್ಟು ಬೇಕಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಅದು ಬೇಗ ಕೆಡುತ್ತದೆ, ಉಳಿದದ್ದನ್ನು ಗಿಡವೇ ಮುರಿದುಹಾಕುತ್ತದೆ. ಸಸಿ ಕಿತ್ತು ನೆಡುವಾಗ ಕೆಲವು ದಿನ ತಡೆದುಕೊಳ್ಳಲು ಇಂಥದ್ದರಿಂದ ಪ್ರಯೋಜನ ಇರಬಹುದು. ಕಾಯಿ ಕಟ್ಟುವ ಮರಕ್ಕೆ ಬೇಸಿಗೆ ಪೂರ್ತಿ ಹೊಡೆಯುವುದು ಅದರ ಊಟ ನಿಲ್ಲಿಸಿದಂತೆ. ಇನ್ನೊಂದು ಅಪಾಯ ಕಾವು. ಒಂದು ಲೀಟರ್ ನೀರು ಆವಿಯಾಗುವಾಗ ಎಲೆಯಿಂದ 2.4 ಮೆಗಾಜೂಲಿಗೂ ಹೆಚ್ಚು ಶಾಖ ಒಯ್ಯುತ್ತದೆ. ರಂಧ್ರ ಮುಚ್ಚಿದ ಎಲೆ ಬಿಸಿಲಿನಲ್ಲಿ ಹಲವು ಡಿಗ್ರಿ ಹೆಚ್ಚು ಕಾಯುತ್ತದೆ. ಒಂದು ಕಾಲದಲ್ಲಿ ರಂಧ್ರ ಮುಚ್ಚಿಸಲು ಫಿನೈಲ್ ಮರ್ಕ್ಯುರಿಕ್ ಅಸಿಟೇಟ್ ಎಂಬ ಪಾದರಸದ ವಿಷವನ್ನು ಪ್ರಯೋಗಿಸಿದ್ದರು. ಅದರ ಸುದ್ದಿಗೇ ಹೋಗಬಾರದು. ಬಿಸಿಲು ತಡೆಯಬೇಕೆಂದರೆ ಶೇ 5ರ ಕಯೋಲಿನ್, ಅಂದರೆ ಲೀಟರಿಗೆ 50 ಗ್ರಾಂ ಬಿಳಿಜೇಡಿ, ಎಲೆಯ ಮೇಲ್ಮೈಗೆ ಸಿಂಪಡಿಸುವುದು ಅಗ್ಗ ಮತ್ತು ನಿರಪಾಯ. ಅದು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ರಂಧ್ರದ ಗೊಡವೆಗೆ ಹೋಗುವುದಿಲ್ಲ. ಬಾಟಲಿ ಕೊಳ್ಳುವವರು ಮೊದಲು ಚೀಟಿಯಲ್ಲಿ ಸಕ್ರಿಯ ವಸ್ತುವಿನ ಹೆಸರು, ಶೇಕಡಾ ಪ್ರಮಾಣ ನೋಡಲಿ. ಜೈವಿಕ ಉತ್ತೇಜಕಗಳು 2021ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ಅಡಿಗೆ ಬಂದಿವೆ. ‘ಗಿಡಮೂಲಿಕೆ ಸತ್ವ’ ಎಂದಷ್ಟೇ ಬರೆದ ಬಾಟಲಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬಹುದು.

ಅನಾನಸಿಗಂತೂ ಈ ಯಾವ ಸಲಹೆಯೂ ಹೊಂದುವುದಿಲ್ಲ. ಬನವಾಸಿ ಕಡೆ ಬೆಳೆಯುವ ಅನಾನಸು ರಂಧ್ರ ತೆರೆಯುವುದು ರಾತ್ರಿ. ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು ಹಗಲು ರಂಧ್ರ ಮುಚ್ಚಿಕೊಂಡು ಬಳಸುತ್ತದೆ. ನಮ್ಮ ತೋಟಗಳಿಗೆ ಬಂದುಹೋದ ವೆನಿಲ್ಲಾದ್ದೂ ಇದೇ ಕ್ರಮ.

ರಂಧ್ರದ ಮೇಲೆ ಹಿಡಿತ ಬೇಕೆನ್ನುವವರು ರೋಗಾಣುಗಳಲ್ಲೂ ಇದ್ದಾರೆ. ಬ್ಯಾಕ್ಟೀರಿಯಾ ಎಲೆಗೆ ತಾಗಿದ್ದನ್ನು ಗುರುತಿಸಿ ಗಿಡ ರಂಧ್ರ ಮುಚ್ಚುತ್ತದೆ ಎಂದು 2006ರಲ್ಲಿ ಪ್ರಕಟವಾಯಿತು. ಆದರೆ ಸ್ಯೂಡೋಮೊನಾಸ್ ಸಿರಿಂಗೆ ಎಂಬ ಬ್ಯಾಕ್ಟೀರಿಯಾ ಕೊರೊನಟೈನ್ ಎಂಬ ವಿಷ ಬಿಟ್ಟು ಕೆಲವೇ ಗಂಟೆಯಲ್ಲಿ ಅದನ್ನು ಮತ್ತೆ ತೆರೆಸುತ್ತದೆ. ಬಾದಾಮಿ, ಪೀಚ್ ಮರಗಳ ಒಂದು ಶಿಲೀಂಧ್ರದ ಫ್ಯುಸಿಕಾಕ್ಸಿನ್ ವಿಷವಂತೂ ಪ್ರೋಟಾನ್ ಪಂಪನ್ನು ನಿಲ್ಲಿಸಲಾಗದಂತೆ ಓಡಿಸಿ, ರಂಧ್ರ ಮುಚ್ಚಲಾಗದೆ ಎಲೆ ಒಣಗಿಹೋಗುವಂತೆ ಮಾಡುತ್ತದೆ.

ಇದನ್ನೆಲ್ಲ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ತೋರಿಸಬಹುದು. ಒಂದೇ ಎತ್ತರದ ಮೂರು ಟೊಮೆಟೊ ಸಸಿಗಳನ್ನು ಕುಂಡಗಳಲ್ಲಿ ಬೆಳೆಸಿ. ಒಂದಕ್ಕೆ ದಿನವೂ ಹದವಾಗಿ ನೀರು, ಇನ್ನೊಂದಕ್ಕೆ ನೀರು ನಿಲ್ಲಿಸಿ, ಮೂರನೆಯದನ್ನು ಕುಂಡದ ಅಂಚಿನವರೆಗೆ ನೀರಿರುವ ಬಕೆಟ್ಟಿನಲ್ಲಿಡಿ. ಸೋಸುಕಾಗದವನ್ನು ಶೇ 5ರ ಕೋಬಾಲ್ಟ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ, ನೀಲಿಯಾಗುವವರೆಗೆ ಒಣಗಿಸಿ, ಒಂದು ಸೆಂಟಿಮೀಟರಿನ ತುಂಡು ಮಾಡಿಟ್ಟುಕೊಳ್ಳಿ. ಎರಡನೇ ದಿನದ ನಂತರ ಬೆಳಗ್ಗೆ ಹತ್ತರ ಹೊತ್ತಿಗೆ ಮೂರೂ ಸಸಿಗಳ ಎಲೆಯ ಕೆಳಮೈಗೆ ತುಂಡಿಟ್ಟು, ಎಲೆಯ ಎರಡೂ ಬದಿಗೆ ಗಾಜಿನ ಪಟ್ಟಿ ಒತ್ತಿ ಕ್ಲಿಪ್ಪು ಹಾಕಿ, ನೀಲಿ ಕಾಗದ ಗುಲಾಬಿಯಾಗಲು ಹಿಡಿದ ಹೊತ್ತು ಬರೆದುಕೊಳ್ಳಿ. ಒಣ ಕುಂಡದ್ದು ನಿಧಾನವಾಗುವುದನ್ನು ಮಕ್ಕಳು ಮೊದಲೇ ಊಹಿಸುತ್ತಾರೆ. ಬಕೆಟ್ಟಿನ ಸಸಿಯದ್ದೂ ನಿಧಾನವಾದಾಗ ಪ್ರಶ್ನೆ ಕೇಳುತ್ತಾರೆ. ಬೆರಳಿನ ಬೆವರಿಗೂ ಕಾಗದ ಬಣ್ಣ ಬದಲಿಸುವುದರಿಂದ ಚಿಮಟದಲ್ಲೇ ಹಿಡಿಯಬೇಕು. ಕೋಬಾಲ್ಟ್ ವಿಷವಾದ್ದರಿಂದ ಕೈಗವಸು ಬೇಕು, ದ್ರಾವಣವನ್ನು ಚರಂಡಿಗೆ ಚೆಲ್ಲಬಾರದು. ಮಳೆಗಾಲದಲ್ಲಿ ಈ ಪ್ರಯೋಗಕ್ಕೆ ಕೈ ಹಾಕಬೇಡಿ, ಗಾಳಿಯ ತೇವಕ್ಕೇ ಕಾಗದ ಗುಲಾಬಿಯಾಗಿಬಿಡುತ್ತದೆ.

ಕೊನೆಗೆ ತಮ್ಮಲ್ಲಿ ಕೋರಿಕೆ. ‘ಎಲೆ ಬಾಡುತ್ತಿದೆ’ ಎಂಬ ಪ್ರಶ್ನೆ ಬಂದಾಗ ಉತ್ತರ ಅಚ್ಚಾಗುವ ಮೊದಲು ಕೇಳಿದವರಿಂದ ನಾಲ್ಕು ವಿವರ ತರಿಸಿಕೊಳ್ಳಿ. ಬಾಡುವುದು ಮಧ್ಯಾಹ್ನ ಮಾತ್ರವೋ ಬೆಳಗ್ಗೆಯೂ ಹೌದೋ. ಬುಡದಿಂದ ಎರಡು ಅಡಿ ದೂರದಲ್ಲಿ ಒಂದು ಅಡಿ ಅಗೆದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ಜಿನುಗುತ್ತದೆಯೋ, ಉಂಡೆಯಾಗುತ್ತದೆಯೋ, ಉದುರುತ್ತದೆಯೋ. ಆ ಮಣ್ಣಿಗೆ ಕೊಳೆತ ಮೊಟ್ಟೆಯ ವಾಸನೆ ಇದೆಯೋ, ಎಳೆಬೇರು ಬೆಳ್ಳಗಿದೆಯೋ, ಕಂದಾಗಿ ಸಿಪ್ಪೆ ಜಾರುತ್ತದೆಯೋ. ಕರಾವಳಿಯವರಾದರೆ ಬಾವಿ ನೀರಿನ ವಾಹಕತೆ ಎಷ್ಟು. ಮಣ್ಣು ಉದುರಿದರೆ ಮಾತ್ರ ‘ನೀರು ಕೊಡಿ’ ಎಂದು ಬರೆಯಿರಿ. ಜಿನುಗಿದರೆ ‘ಬಸಿಗಾಲುವೆ ಬಿಡಿಸಿ’ ಎಂದು ಬರೆಯಿರಿ.

ಇತಿ,
ಸಸ್ಯಶಾಸ್ತ್ರ ಬೋಧಕರ ಬಳಗದಿಂದ,
ಶಿರಸಿ, ಉತ್ತರ ಕನ್ನಡ